ಕಥೆಯ ಮೊದಲ ಬಾಗಿಲು



ಕಳೆದ ಬೇಸಗೆಯ ರಜೆಯಲ್ಲಿ ಬೆಂಗಳೂರಿನಿಂದ ಬಿಣಗಾದ ನಮ್ಮ ಮನೆಗೆ ಬಂದಿದ್ದ ಮೊಮ್ಮಗ ಎರಡು ದಿನ ಗಹನವಾದ ಚಿಂತೆಯಲ್ಲಿ ಮುಳುಗಿದ್ದ. ಸಮುದ್ರಸ್ನಾನಕ್ಕೆ ಕರೆದರೂ ಮನಸ್ಸಿಲ್ಲ, ಕಾರವಾರದ ಪೇಟೆಗೆ ಕರೆದರೂ ಉತ್ಸಾಹವಿಲ್ಲ. ಮೂರನೆಯ ದಿನ ಸಂಜೆ ಜಗಲಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕುಳಿತು ತನ್ನ ಸಮಸ್ಯೆಯನ್ನು ಮುಂದಿಟ್ಟ. ಅವನು ಒಂದು ವಿಡಿಯೋ ಆಟವನ್ನು ಆಡಲು ಹೊರಟಿದ್ದಾನೆ. ಅದು ಒಂದು ಆಟವಲ್ಲ, ಆಟಗಳ ಸರಮಾಲೆ. ಆಡುವವನು ಕಥಾನಾಯಕನ ಪಾತ್ರವನ್ನು ವಹಿಸಿ, ಊರೂರು ತಿರುಗಿ, ಶತ್ರುಗಳನ್ನು ಗೆದ್ದು ಕಥೆಯನ್ನು ಮುಂದಕ್ಕೆ ನಡೆಸಬೇಕು. ಇಂಥ ಭಾಗಗಳು ಹತ್ತಕ್ಕೂ ಮಿಕ್ಕಿ ಬಂದಿವೆಯಂತೆ. ಯಾವುದನ್ನು ಮೊದಲು ಆಡಬೇಕು ಎಂಬುದೇ ಅವನ ಚಿಂತೆ.

ನಕ್ಕು ಬಿಡಬಹುದಾಗಿತ್ತು. ಆದರೆ ಅವನು ವಿವರಿಸಿದಂತೆ ನನ್ನ ನಗು ಅಡಗಿತು. ಆಟದ ಹೆಸರು ಡ್ರ್ಯಾಗನ್ ಕ್ವೆಸ್ಟ್, ಜಪಾನಿನದು. ಮೊದಲನೆಯ ಭಾಗ 1986ರಲ್ಲಿ, ಎರಡನೆಯದು 1987ರಲ್ಲಿ, ಮೂರನೆಯದು 1988ರಲ್ಲಿ ಹೊರಬಂದಿತು. ಮೊದಲ ಭಾಗದ ನಾಯಕ ಒಬ್ಬ ಪುರಾಣಪ್ರಸಿದ್ಧ ವೀರನ ವಂಶದವನು. ಎರಡನೆಯ ಭಾಗದವರು ಆ ನಾಯಕನ ಸಂತತಿಯವರು. ಮೂರನೆಯ ಭಾಗವನ್ನು ಆಡುವವನು ಯಾವುದೋ ಬೇರೆ ಲೋಕದ ಬೇರೆ ಕಥೆ ಎಂದುಕೊಂಡೇ ಬಹುದೂರ ನಡೆಯುತ್ತಾನೆ; ಕೊನೆಗೆ ಗೊತ್ತಾಗುತ್ತದೆ, ತಾನು ಇಷ್ಟು ಹೊತ್ತು ವಹಿಸಿದ್ದು ಆ ಮೂಲಪುರುಷನ ಪಾತ್ರವನ್ನೇ ಎಂದು. ಅಂದರೆ ಬರೆದ ಕ್ರಮದಲ್ಲಿ ಮೂರನೆಯದು ನಡೆದ ಕ್ರಮದಲ್ಲಿ ಮೊದಲನೆಯದು. ಈಚೆಗೆ ಈ ಮೂರನ್ನೂ ಹೊಸದಾಗಿ ಚಿತ್ರಿಸಿ ಪ್ರಕಟಿಸಿದಾಗ ಆಟದ ಕರ್ತೃಗಳೇ 2024ರಲ್ಲಿ ಮೂರನೆಯದನ್ನು ಮೊದಲು ತಂದು, ಮೊದಲ ಎರಡನ್ನು 2025ರಲ್ಲಿ ತಂದರು.

“ಅಜ್ಜಾ, ಮೂರನೆಯದನ್ನು ಮೊದಲು ಆಡಿದರೆ ಕಥೆ ಸರಿಯಾಗಿ ತಿಳಿಯುತ್ತದೆ. ಆದರೆ ಕೊನೆಯ ಆಶ್ಚರ್ಯ ಹೋಗುತ್ತದೆ. ಏನು ಮಾಡಲಿ?” ಎಂದು ಅವನು ಕೇಳಿದ.

ಮೂವತ್ತು ವರ್ಷ ಕನ್ನಡ ಎಂ.ಎ. ತರಗತಿಗಳಿಗೆ ಪಾಠ ಹೇಳಿದವನು ನಾನು. ಇದು ಆಟದ ಪ್ರಶ್ನೆಯಲ್ಲ, ನಮ್ಮ ಸಾಹಿತ್ಯದ ಅತ್ಯಂತ ಹಳೆಯ ಪ್ರಶ್ನೆಗಳಲ್ಲಿ ಒಂದು ಎಂದು ನನಗೆ ಆಗ ಹೊಳೆಯಿತು. ಈ ಪ್ರಶ್ನೆಗೆ ನಾನೇ ಒಮ್ಮೆ ತಪ್ಪು ಉತ್ತರ ಕೊಟ್ಟು ಪಶ್ಚಾತ್ತಾಪಪಟ್ಟವನು. ಆ ಕಥೆಯನ್ನೂ ಅದರ ಹಿಂದಿನ ಚರಿತ್ರೆಯನ್ನೂ ಇಂದು ತಮ್ಮ ಮುಂದೆ ನಿವೇದಿಸಿಕೊಳ್ಳುತ್ತೇನೆ.

ಪಾತ್ರ ವಹಿಸಿ ಆಡುವ ದೀರ್ಘವಾದ ಸರಮಾಲೆಯೊಂದು ನಮ್ಮ ಜಿಲ್ಲೆಯಲ್ಲಿ ಶತಮಾನಗಳಿಂದ ಇದೆ. ಅದೇ ಯಕ್ಷಗಾನ. ನಮ್ಮ ಜನ ಅದನ್ನು ‘ಆಟ’ ಎಂದೇ ಕರೆಯುತ್ತಾರೆ. ವೇಷ ಕಟ್ಟದೆ ಕುಳಿತು ಮಾತಿನಲ್ಲಿಯೇ ಪಾತ್ರವನ್ನು ನಿರ್ವಹಿಸಿದರೆ ಅದು ತಾಳಮದ್ದಲೆ. ಈ ಆಟದ ಒಂದೊಂದು ಭಾಗಕ್ಕೂ ಪ್ರಸಂಗವೆಂದು ಹೆಸರು. ಭಾರತ, ರಾಮಾಯಣ, ಭಾಗವತಗಳಿಂದ ಎತ್ತಿಕೊಂಡ ಪ್ರಸಂಗಗಳ ಸಂಖ್ಯೆ ದೊಡ್ಡದು. ಒಂದೊಂದನ್ನೂ ಒಬ್ಬೊಬ್ಬ ಕವಿ ತನ್ನ ತನ್ನ ಕಾಲದಲ್ಲಿ ಬರೆದ. ಯಾವನೂ ಮೊದಲಿಂದ ಕೊನೆಯವರೆಗೆ ಬರೆಯಲು ಕೂರಲಿಲ್ಲ. ಆದುದರಿಂದ ಇಲ್ಲಿಯೂ ಕಥೆಯ ಕ್ರಮ ಬೇರೆ, ರಚನೆಯ ಕ್ರಮ ಬೇರೆ. ಇವೆರಡಕ್ಕೂ ಸೇರದ ಮೂರನೆಯ ಕ್ರಮವೊಂದು ಇದೆ. ಹೊಸಬನು ಯಾವ ಬಾಗಿಲಿನಿಂದ ಒಳಗೆ ಬರಬೇಕು ಎಂಬ ಕ್ರಮ ಅದು. ನಾನು ಅದನ್ನು ಪ್ರವೇಶಕ್ರಮವೆಂದು ಕರೆಯುತ್ತೇನೆ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಬಿಣಗಾದಿಂದ ಅಂಕೋಲೆಯವರೆಗಿನ ಕೆಲವು ಆಸಕ್ತರು ಸೇರಿ ಮಳೆಗಾಲದಲ್ಲಿ ಏಳು ರಾತ್ರಿಗಳ ಭಾರತ ತಾಳಮದ್ದಲೆಯನ್ನು ಏರ್ಪಡಿಸಿದೆವು. ಮಳೆಗಾಲವೆಂದರೆ ಮೇಳಗಳ ತಿರುಗಾಟ ನಿಂತಿರುವ ಕಾಲ. ಭಾಗವತರೂ ಅರ್ಥಧಾರಿಗಳೂ ಸಿಗುವ ಕಾಲ. ಯಾವ ಪ್ರಸಂಗದಿಂದ ಆರಂಭಿಸಬೇಕು ಎಂಬ ಚರ್ಚೆ ಬಂದಾಗ, ನಾನು ಪ್ರಾಧ್ಯಾಪಕನೆಂಬ ಅಧಿಕಾರದಿಂದ, ಆದಿಪರ್ವದಿಂದಲೇ ಆರಂಭವಾಗಬೇಕೆಂದು ಹಟ ಹಿಡಿದೆ. ಶಂತನುವಿನಿಂದ ತೊಡಗಿದರೆ ತಾನೆ ಭೀಷ್ಮನು ಅರ್ಥವಾಗುವುದು, ಭೀಷ್ಮನು ಅರ್ಥವಾದರೆ ತಾನೆ ಉಳಿದದ್ದು ಎಂದು ವಾದಿಸಿದೆ. ಎದುರಾಡುವವರು ಯಾರೂ ಇರಲಿಲ್ಲ.

ಮೊದಲನೆಯ ರಾತ್ರಿ ಜನ ತುಂಬಿದ್ದರು. ಎರಡನೆಯ ರಾತ್ರಿ ಅರ್ಧವಾದರು. ಮೂರನೆಯ ರಾತ್ರಿಯ ಹೊತ್ತಿಗೆ ಹಿಮ್ಮೇಳದವರು, ಅರ್ಥಧಾರಿಗಳು ಮತ್ತು ಮನೆಯ ಯಜಮಾನರು ಇವರನ್ನು ಬಿಟ್ಟರೆ ಹತ್ತು ತಲೆ ಇರಲಿಲ್ಲ. ಮಕ್ಕಳಂತೂ ಒಬ್ಬರೂ ಇರಲಿಲ್ಲ. ಮಳೆಯನ್ನು ಹಳಿಯುತ್ತ ನಾನು ಅಂಗಳದ ಚಪ್ಪರದಡಿ ನಿಂತಿದ್ದಾಗ, ಬೇಲೆಕೇರಿಯ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ನಿಧಾನವಾಗಿ ಎಲೆಯಡಿಕೆ ಮೆಲ್ಲುತ್ತ ಹೇಳಿದರು: “ಮಾಸ್ತರರೇ, ಮದುವೆಮನೆಗೆ ಬಂದವರಿಗೆ ಮೊದಲು ಮದುಮಗನನ್ನು ತೋರಿಸಬೇಕು. ನೀವು ಅವನ ಮುತ್ತಜ್ಜನಿಂದ ಸುರು ಮಾಡಿದಿರಿ. ಅಷ್ಟೊಂದು ಹೆಸರು ಕೇಳಿದ ಮೇಲೆ ಮದುಮಗ ಬರುವವರೆಗೆ ಯಾರು ಕೂತಾರು? ನಮ್ಮ ಹಿಂದಿನವರು ವಿರಾಟಪರ್ವದಿಂದ ಹಿಡಿಯುತ್ತಿದ್ದರು.”

ಆ ಮಾತು ನನಗೆ ಆಗ ಮುಳ್ಳಿನಂತೆ ಚುಚ್ಚಿತು. ಆಮೇಲೆ ಅದರ ಬೆನ್ನುಹತ್ತಿ ಹೋದಾಗ ಅಚ್ಚರಿಪಡುವಷ್ಟು ಚರಿತ್ರೆ ತೆರೆದುಕೊಂಡಿತು.

ಮೊದಲು ಮೂಲಗ್ರಂಥವನ್ನೇ ನೋಡೋಣ. ಆದಿಯಿಂದ ಆರಂಭಿಸಬೇಕು ಎನ್ನುವವರಿಗೆ ವ್ಯಾಸಭಾರತವೇ ಬೆಂಬಲ ಕೊಡುವುದಿಲ್ಲ. ಆ ಗ್ರಂಥ ತೊಡಗುವುದು ನೈಮಿಷಾರಣ್ಯದಲ್ಲಿ. ಸೂತಪುರಾಣಿಕನು ಅಲ್ಲಿ ಹೇಳುವುದು ವೈಶಂಪಾಯನನು ಜನಮೇಜಯನ ಸರ್ಪಯಾಗದಲ್ಲಿ ಹೇಳಿದ ಕಥೆಯನ್ನು. ಜನಮೇಜಯನಾದರೋ ಅರ್ಜುನನ ಮರಿಮಗ. ಅಂದರೆ ಯುದ್ಧವೆಲ್ಲ ಮುಗಿದು, ಪಾಂಡವರೂ ಗತಿಸಿ, ಅಭಿಮನ್ಯುವಿನ ಮಗ ಪರೀಕ್ಷಿತನೂ ಹಾವು ಕಚ್ಚಿ ಸತ್ತ ಮೇಲೆ ಕಥೆಗೆ ಬಾಯಿ ಬರುತ್ತದೆ. ಇಷ್ಟೇ ಅಲ್ಲ. ಆದಿಪರ್ವದ ಮೊದಲ ಅಧ್ಯಾಯದಲ್ಲಿಯೇ ಒಂದು ಮಾತು ಬರುತ್ತದೆ: ಕೆಲವು ಬ್ರಾಹ್ಮಣರು ಭಾರತವನ್ನು ಮನುವಿನಿಂದ ತೊಡಗಿ ಓದುತ್ತಾರೆ, ಕೆಲವರು ಆಸ್ತೀಕನ ಕಥೆಯಿಂದ, ಇನ್ನು ಕೆಲವರು ಉಪರಿಚರ ವಸುವಿನ ಕಥೆಯಿಂದ ಎಂದು ಅದರ ತಾತ್ಪರ್ಯ. ಎಲ್ಲಿಂದ ಆರಂಭಿಸಬೇಕು ಎಂಬ ಪ್ರಶ್ನೆ ಗ್ರಂಥದ ಹೊಸ್ತಿಲಲ್ಲಿಯೇ ಎದ್ದಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಹಾಗೆ ಎದ್ದ ಪ್ರಶ್ನೆಗೆ ಗ್ರಂಥವು ಒಂದೇ ಉತ್ತರವನ್ನು ವಿಧಿಸಲಿಲ್ಲ. ಮೂರನ್ನೂ ಹೇಳಿ ಮುಂದೆ ನಡೆಯಿತು.

ದಕ್ಷಿಣ ಭಾರತದ ವಾಡಿಕೆ ಈ ಮೂರೂ ಅಲ್ಲದ ನಾಲ್ಕನೆಯ ಬಾಗಿಲನ್ನು ತೆರೆಯಿತು. ಭಾರತದ ಪಾರಾಯಣವನ್ನು ವಿರಾಟಪರ್ವದಿಂದ ಆರಂಭಿಸುವ ಸಂಪ್ರದಾಯ ದಕ್ಷಿಣದಲ್ಲಿ ಹಲವೆಡೆ ಬೆಳೆದು ಬಂದಿದೆ. ಮಳೆ ಬಾರದಿದ್ದರೆ ವಿರಾಟಪರ್ವವನ್ನು ಓದಿಸುವುದು ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಹಿರಿಯರು ಕಂಡುಕೇಳಿದ ಪದ್ಧತಿ. ಪಾಂಡವರು ಕಾಲಿಟ್ಟ ನಾಡಿನಲ್ಲಿ ಮಳೆ ಬೆಳೆ ಸಮೃದ್ಧವಾಗಿರುತ್ತದೆ, ಅದೇ ಅವರನ್ನು ಪತ್ತೆ ಹಚ್ಚುವ ಗುರುತು ಎಂಬ ಮಾತು ಆ ಪರ್ವದಲ್ಲಿ ಇರುವುದನ್ನು ನೆನೆದರೆ ಈ ನಂಬಿಕೆಯ ಬೇರು ತಿಳಿಯುತ್ತದೆ. ನಮ್ಮ ಕರಾವಳಿಗೆ ಮಳೆಯನ್ನು ಕರೆಯುವ ಅಗತ್ಯ ಕಡಿಮೆ. ಅದು ಕರೆಯದೆಯೇ ಬರುತ್ತದೆ. ನಮ್ಮಲ್ಲಿ ಆ ಪರ್ವದ ಮಹತ್ವವನ್ನು ನನ್ನಂಥವರು ಮರೆತುದಕ್ಕೆ ಅದೂ ಒಂದು ಕಾರಣವಿರಬಹುದು.

ಕವಿಗಳ ಸಾಲಿನಲ್ಲಿಯೂ ಈ ಪರ್ವಕ್ಕೆ ವಿಶೇಷ ಸ್ಥಾನ ದೊರೆತಿದೆ. ತೆಲುಗಿನಲ್ಲಿ ನನ್ನಯ್ಯನು ಹನ್ನೊಂದನೆಯ ಶತಮಾನದಲ್ಲಿ ಆದಿಪರ್ವ, ಸಭಾಪರ್ವಗಳನ್ನು ಮುಗಿಸಿ ಅರಣ್ಯಪರ್ವದ ನಡುವೆ ನಿಲ್ಲಿಸಿದ. ಹದಿಮೂರನೆಯ ಶತಮಾನದ ತಿಕ್ಕನನು ಆ ಮುರಿದ ತುದಿಯನ್ನು ಕೈಗೆತ್ತಿಕೊಳ್ಳದೆ, ವಿರಾಟಪರ್ವದಿಂದಲೇ ತೊಡಗಿ ಕೊನೆಯವರೆಗೆ ಸಾಗಿದ. ಅರಣ್ಯಪರ್ವದ ಉಳಿದ ಭಾಗವನ್ನು ತುಂಬಿದವನು ಹದಿನಾಲ್ಕನೆಯ ಶತಮಾನದ ಎರ್ರನ. ಹೀಗೆ ತೆಲುಗು ಭಾರತದ ರಚನಾಕ್ರಮದಲ್ಲಿ ಮೂರನೆಯ ಪರ್ವದ ಅರ್ಧ ಭಾಗವು ಹದಿನೆಂಟನೆಯ ಪರ್ವಕ್ಕಿಂತಲೂ ಕಿರಿಯದು! ಇದರಿಂದ ತೆಲುಗು ಓದುಗನಿಗೆ ಎಂದೂ ನಷ್ಟವಾಗಲಿಲ್ಲ.

ನಮ್ಮ ಯಕ್ಷಗಾನಕ್ಕೆ ಬಂದರೆ, ಶಿವರಾಮ ಕಾರಂತರು ತಮ್ಮ ಸಂಶೋಧನೆಯಲ್ಲಿ ಗುರುತಿಸಿದ ಹಳೆಯ ಪ್ರಸಂಗಪ್ರತಿಗಳಲ್ಲಿ ಪ್ರಮುಖವಾದುದು 1564ರ ಕಾಲವನ್ನು ಹೊತ್ತ ತಾಳೆಗರಿಯ ‘ವಿರಾಟಪರ್ವ’. ಅಜಪುರ, ಅಂದರೆ ಇಂದಿನ ಬ್ರಹ್ಮಾವರದ, ವಿಷ್ಣು ಎಂಬ ಕವಿಯ ಕೃತಿ ಅದು. ಕಾರಂತರ ‘ಯಕ್ಷಗಾನ ಬಯಲಾಟ’ 1957ರಲ್ಲಿ ಪ್ರಕಟವಾಗಿ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಆಧುನಿಕ ವಿದ್ವತ್ತಿನ ಕಡೆಗೆ ತಿರುಗಿದರೂ ಇದೇ ಪರ್ವ ಎದುರಾಗುತ್ತದೆ. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯು ಭಾರತದ ಪರಿಷ್ಕರಣವನ್ನು 1919ರಲ್ಲಿ ಆರಂಭಿಸಿ 1966ರಲ್ಲಿ ಪೂರ್ಣಗೊಳಿಸಿತು. ಆ ಮಹತ್ಕಾರ್ಯದ ಪ್ರಾಯೋಗಿಕ ಮಾದರಿಯಾಗಿ 1923ರಲ್ಲಿ ಮೊದಲು ಹೊರಬಂದುದು, ಉಟಗೀಕರರು ಸಂಪಾದಿಸಿದ ವಿರಾಟಪರ್ವ. ಆದಿಪರ್ವ ಬಂದುದು ಆಮೇಲೆ. ಮಳೆಗಾಗಿ ಓದಿಸಿದ ರೈತ, ಕಾವ್ಯ ಬರೆದ ತಿಕ್ಕನ, ಪಾಠಾಂತರ ಹೋಲಿಸಿದ ಪಂಡಿತ, ಇವರು ಮೂವರೂ ಒಬ್ಬರನ್ನೊಬ್ಬರು ಕೇಳಿ ನಿರ್ಣಯಿಸಿದವರಲ್ಲ. ಆದರೂ ಮೂವರೂ ಹಾದದ್ದು ಒಂದೇ ಬಾಗಿಲಿನಿಂದ.

ಆ ಬಾಗಿಲಿನ ವಿಶೇಷವೇನು? ನನ್ನ ಅಲ್ಪಮತಿಗೆ ತೋರಿದ್ದನ್ನು ಹೇಳುತ್ತೇನೆ.

ವಿರಾಟಪರ್ವವು ಒಂದು ವರ್ಷದ, ಒಂದೇ ಊರಿನ ಕಥೆ. ಆರಂಭವೂ ಮುಕ್ತಾಯವೂ ಅದರೊಳಗೇ ಇವೆ. ಮುಖ್ಯವಾದವರು ಯಾರೂ ಸಾಯುವುದಿಲ್ಲ. ಸಾಯುವ ಕೀಚಕ ಸಾಯಬೇಕಾದವನು. ಭಯವೂ ಹಾಸ್ಯವೂ ಯುದ್ಧವೂ ಅದರಲ್ಲಿವೆ, ಕೊನೆಗೆ ಅಭಿಮನ್ಯು ಮತ್ತು ಉತ್ತರೆಯರ ಮದುವೆಯಾಗುತ್ತದೆ. ಇವೆಲ್ಲಕ್ಕಿಂತ ಹೆಚ್ಚಾಗಿ, ಇದು ವೇಷದ ಪರ್ವ. ಧರ್ಮರಾಯ ಕಂಕನಾಗುತ್ತಾನೆ, ಭೀಮ ಅಡುಗೆಯ ವಲಲನಾಗುತ್ತಾನೆ, ಅರ್ಜುನ ಬೃಹನ್ನಳೆಯಾಗುತ್ತಾನೆ, ದ್ರೌಪದಿ ಸೈರಂಧ್ರಿಯಾಗುತ್ತಾಳೆ. ನಟನು ಭೀಮನ ವೇಷ ಕಟ್ಟಿದರೆ ಆ ಭೀಮನು ವಲಲನ ವೇಷ ಕಟ್ಟುತ್ತಾನೆ. ಆಟವೆಂದರೇನು, ಪಾತ್ರವೆಂದರೇನು ಎಂಬುದನ್ನು ಆಟವೇ ಕಲಿಸುವ ಪ್ರಸಂಗ ಇದು.

ಇನ್ನೂ ಒಂದು ಸೂಕ್ಷ್ಮವಿದೆ. ಇವರು ಯಾರೆಂದು ವಿರಾಟರಾಜನಿಗೆ ಗೊತ್ತಿಲ್ಲ. ಸಭೆಯಲ್ಲಿ ಕುಳಿತ ಹೊಸ ಕೇಳುಗನಿಗೂ ಗೊತ್ತಿಲ್ಲದಿದ್ದರೆ ಬಾಧಕವಿಲ್ಲ. ಅವನು ವಿರಾಟನ ಪಕ್ಕದಲ್ಲಿ ಕುಳಿತು ಬೆರಗಿನಿಂದ ನೋಡುತ್ತಾನೆ. ಎಲ್ಲವನ್ನೂ ಬಲ್ಲ ಹಳೆಯ ಕೇಳುಗ ದ್ರೌಪದಿಯ ಪಕ್ಕದಲ್ಲಿ ಕುಳಿತು ಅವಳೊಡನೆ ಉಸಿರು ಬಿಗಿಹಿಡಿಯುತ್ತಾನೆ. ಒಂದೇ ಚಾಪೆಯ ಮೇಲೆ ಇಬ್ಬರಿಗೂ ಸ್ಥಳವಿದೆ. ಬನ್ನಿಯ ಮರದ ಬಳಿ ಉತ್ತರಕುಮಾರನು, ನೀನು ಅರ್ಜುನನೇ ಹೌದಾದರೆ ನಿನ್ನ ಹತ್ತು ಹೆಸರುಗಳನ್ನು ಹೇಳು ಎನ್ನುತ್ತಾನೆ. ಅರ್ಜುನನು ಧನಂಜಯ, ವಿಜಯ, ಶ್ವೇತವಾಹನ, ಕಿರೀಟಿ, ಸವ್ಯಸಾಚಿ ಎಂದು ಒಂದೊಂದೇ ಹೆಸರನ್ನೂ ಅದು ಬಂದ ಬಗೆಯನ್ನೂ ಹೇಳುತ್ತಾನೆ. ಹಿಂದಿನ ಪರ್ವಗಳಲ್ಲಿ ಅರ್ಜುನ ಮಾಡಿದ್ದೆಲ್ಲ ಆ ಹತ್ತು ಹೆಸರುಗಳಲ್ಲಿ ಸಂಗ್ರಹವಾಗಿ ಬರುತ್ತದೆ. ಹಿಂದಿನ ಕಥೆಯನ್ನು ಬಲ್ಲದವನ ಪರವಾಗಿ ಪ್ರಶ್ನೆ ಕೇಳಲೆಂದೇ ಉತ್ತರಕುಮಾರ ಅಲ್ಲಿ ನಿಂತಂತಿದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ಕಂಡ ನಮ್ಮ ಜಿಲ್ಲೆಯ ಪ್ರೇಕ್ಷಕರಲ್ಲಿ ಎಷ್ಟೋ ಮಂದಿ ಭಾರತವನ್ನು ಓದಿದವರಾಗಿರಲಿಲ್ಲ. ಆ ರಾತ್ರಿಯೇ ಭಾರತಕ್ಕೆ ಪ್ರವೇಶ ಪಡೆದವರು.

ಹೊಸಬನನ್ನು ಒಳಗೆ ಕರೆದುಕೊಳ್ಳುವ ಈ ಉಪಾಯವನ್ನು ಯಕ್ಷಗಾನವು ಒಂದು ಪ್ರಸಂಗಕ್ಕೆ ಮೀಸಲಿಡಲಿಲ್ಲ. ರಂಗಸ್ಥಳಕ್ಕೆ ಬಂದ ವೇಷವನ್ನು ಭಾಗವತನು ಮಾತನಾಡಿಸಿ, ಬಂದವರು ಯಾರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಭಾಗವತನಿಗೆ ತಿಳಿಯದೆಂದಲ್ಲ, ಸಭೆಗೆ ತಿಳಿಯಲೆಂದು. ತಾಳಮದ್ದಲೆಯ ಅರ್ಥಧಾರಿ ತನ್ನ ಪಾತ್ರದ ಪೀಠಿಕೆಯಲ್ಲಿ ಹಿಂದಿನದನ್ನೆಲ್ಲ ನೆನೆದು ಇಂದಿನ ಸ್ಥಿತಿಗೆ ಬಂದು ನಿಲ್ಲುತ್ತಾನೆ. ಹೀಗಾಗಿ ಯಾವ ಪ್ರಸಂಗವನ್ನು ಎತ್ತಿಕೊಂಡರೂ ಅದಕ್ಕೆ ಬೇಕಾದ ಹಿನ್ನೆಲೆ ಅದರೊಡನೆಯೇ ಬರುತ್ತದೆ. ನಮ್ಮವರು ಕಥೆಯ ಕ್ರಮದಲ್ಲಿ ಇಷ್ಟು ಉದಾರಿಗಳಾಗಿದ್ದರೂ ಕಲಿಕೆಯ ಕ್ರಮದಲ್ಲಿ ಉದಾರಿಗಳಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಬಡಗುತಿಟ್ಟಿನ ಪೂರ್ವರಂಗದಲ್ಲಿ ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ. ಎಳೆಯ ಕಲಾವಿದ ಕೋಡಂಗಿಯಾಗಿ ಕುಣಿದು ಕಾಲು ಪಳಗಿದ ಮೇಲೆಯೇ ಮುಂದಿನ ಮೆಟ್ಟಿಲು. ಆಡುವವನಿಗೆ ಕ್ರಮ ಕಠಿಣ, ನೋಡುವವನಿಗೆ ಬಾಗಿಲು ಹಲವು. ಈ ವಿವೇಕವನ್ನು ನಾನು ತಲೆಕೆಳಗು ಮಾಡಿದ್ದೆ. ನೋಡುವವನಿಗೆ ಕಠಿಣವಾದ ಕ್ರಮವನ್ನು ವಿಧಿಸಿದ್ದೆ.

ನಮ್ಮ ಜಿಲ್ಲೆಯ ಆಟ ಹೊರನಾಡಿಗೆ ಹೋದಾಗಲೂ ಇದೇ ನಡೆಯಿತು. 1842ರಲ್ಲಿ ಕನ್ನಡ ಜಿಲ್ಲೆಯ ಭಾಗವತ ಮೇಳವೊಂದು ಸಾಂಗ್ಲಿಯ ದೊರೆಯ ಮುಂದೆ ಆಟವಾಡಿತು. ಅದನ್ನು ಕಂಡು ಮೆಚ್ಚಿದ ದೊರೆ ಮರಾಠಿಯಲ್ಲಿಯೂ ಅಂಥದು ಆಗಬೇಕೆಂದು ಬಯಸಿದ. ಅವನ ಆಶ್ರಯದಲ್ಲಿ ವಿಷ್ಣುದಾಸ ಭಾವೆಯವರು 1843ರಲ್ಲಿ ಮೊದಲ ನಾಟಕವನ್ನು ರಂಗಕ್ಕೆ ತಂದರು. ಅವರು ರಾಮಾಯಣವನ್ನು ಆರಿಸಿಕೊಂಡರು. ಆದರೆ ದಶರಥನ ಪುತ್ರಕಾಮೇಷ್ಟಿಯಿಂದ ತೊಡಗಲಿಲ್ಲ. ತೊಡಗಿದ್ದು ‘ಸೀತಾಸ್ವಯಂವರ’ದಿಂದ. ರಾಮಾಯಣದ ಉಳಿದ ಪ್ರಸಂಗಗಳು ಅದರ ಹಿಂದೆ ಬಂದವು. ಬೇಲೆಕೇರಿಯ ಹಿರಿಯರು ಹೇಳಿದಂತೆ, ಮೊದಲು ಮದುಮಗನನ್ನು ತೋರಿಸಿದರು.

ಹಾಗಾದರೆ ಕ್ರಮಕ್ಕೆ ಬೆಲೆಯೇ ಇಲ್ಲವೆ? ಇದೆ; ನಾನು ತಿಳಿದುದಕ್ಕಿಂತ ಹೆಚ್ಚು ಇದೆ. ಕ್ರಮ ಬದಲಾದರೆ ಕಥೆ ಬದಲಾಗದೆ ಇರಬಹುದು, ಕೇಳುಗ ಕೂರುವ ಜಾಗ ಬದಲಾಗುತ್ತದೆ. ಕರ್ಣನನ್ನು ನೋಡಿ. ಆದಿಪರ್ವದಿಂದ ಬಂದವನಿಗೆ ಅವನ ಹುಟ್ಟು ಮೊದಲೇ ಗೊತ್ತು. ಅವನು ಕುಂತಿಯ ಜೊತೆಯಲ್ಲಿ ಕುಳಿತು, ಬಾಯಿಬಿಟ್ಟು ಹೇಳಲಾರದ ಸಂಕಟದಿಂದ ಎಲ್ಲವನ್ನೂ ನೋಡುತ್ತಾನೆ. ವಿರಾಟಪರ್ವದಿಂದ ಬಂದು ಕೃಷ್ಣಸಂಧಾನದ ಹೊತ್ತಿನಲ್ಲಿ ಆ ಗುಟ್ಟನ್ನು ಕೇಳಿದವನು ಕರ್ಣನೊಡನೆಯೇ ಕೇಳುತ್ತಾನೆ, ಕರ್ಣನೊಡನೆಯೇ ತತ್ತರಿಸುತ್ತಾನೆ. ಇನ್ನು ಧರ್ಮರಾಯನಾದರೋ ಯುದ್ಧ ಮುಗಿದು, ಸತ್ತವರಿಗೆ ತರ್ಪಣ ಬಿಡುವ ಹೊತ್ತಿನಲ್ಲಿ ಅದನ್ನು ತಾಯಿಯ ಬಾಯಿಂದ ಕೇಳುತ್ತಾನೆ. ಒಂದೇ ಸತ್ಯ ಮೂರು ಹೊತ್ತಿನಲ್ಲಿ ಮೂರು ಬಗೆಯ ದುಃಖವನ್ನು ಕೊಡುತ್ತದೆ. ನನ್ನ ಮೊಮ್ಮಗ ತನ್ನ ಆಟದ ಮೂರನೆಯ ಭಾಗದ ಬಗ್ಗೆ ಕೇಳಿದ್ದೂ ಇದನ್ನೇ. ಮೂಲಪುರುಷನ ಗುಟ್ಟನ್ನು ಮೊದಲೇ ತಿಳಿದುಕೊಂಡು ನಡೆಯುವುದೋ, ಕೊನೆಗೆ ತಿಳಿದು ಬೆರಗಾಗುವುದೋ?

ಕೊನೆಯಿಂದ ಆರಂಭಿಸುವುದನ್ನೂ ನಮ್ಮವರು ಮಾಡಿ ತೋರಿಸಿದ್ದಾರೆ. ಪಂಪನು ಹತ್ತನೆಯ ಶತಮಾನದಲ್ಲಿ ಇಡೀ ಭಾರತವನ್ನು ಕ್ರಮವಾಗಿ ಹೇಳಿದ. ಅದೇ ಶತಮಾನ ಕಳೆಯುವ ಹೊತ್ತಿಗೆ ಬಂದ ರನ್ನನು ತನ್ನ ಗದಾಯುದ್ಧದಲ್ಲಿ ಯುದ್ಧದ ಕೊನೆಯ ದಿನವನ್ನು ಹಿಡಿದು, ಸಿಂಹವು ಕತ್ತು ತಿರುಗಿಸಿ ನೋಡುವಂತೆ, ಹಿಂದಿನದೆಲ್ಲವನ್ನೂ ಅಲ್ಲಿಂದಲೇ ನೋಡಿದ. ಸಿಂಹಾವಲೋಕನವೆಂದು ಅದಕ್ಕೆ ಹೆಸರಾಯಿತು. ಪಂಪನ ಹಾಗೆ ಹೇಳಿದ್ದರೆ ದುರ್ಯೋಧನನು ಅಪರಾಧಿಯಾಗಿ ಮೊದಲು ಕಾಣುತ್ತಿದ್ದ. ರನ್ನನಲ್ಲಿ ಅವನು ಎಲ್ಲರನ್ನೂ ಕಳೆದುಕೊಂಡವನಾಗಿ ಮೊದಲು ಕಾಣುತ್ತಾನೆ. ಅಪರಾಧ ಆಮೇಲೆ ನೆನಪಾಗುತ್ತದೆ. ಅಷ್ಟರಲ್ಲಿ ನಮ್ಮ ಕಣ್ಣು ತೇವವಾಗಿರುತ್ತದೆ. ಕುಮಾರವ್ಯಾಸನು ಗದಾಪರ್ವದವರೆಗಿನ ಹತ್ತು ಪರ್ವಗಳನ್ನು ಹೇಳಿ ನಿಲ್ಲಿಸಿದ. ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಉಳಿದುದನ್ನು ಪೂರೈಸಿದ. ಲಕ್ಷ್ಮೀಶನು ಯುದ್ಧಾನಂತರದ ಅಶ್ವಮೇಧವೊಂದನ್ನೇ ಹಿಡಿದ. ಯುದ್ಧದ ಪರ್ವಗಳನ್ನು ಓದದೆಯೇ ಸುಧನ್ವ, ಬಭ್ರುವಾಹನ, ಚಂದ್ರಹಾಸರನ್ನು ಬಲ್ಲ ಕನ್ನಡಿಗರು ಎಷ್ಟು ಮಂದಿ! ಅವರು ಭಾರತವನ್ನು ಹಿಂಬಾಗಿಲಿನಿಂದ ಹೊಕ್ಕವರು. ಆದರೂ ಮನೆಯ ಒಳಗೆ ಬಂದವರೇ.

ಸಂಶೋಧಕನಿಗೆ ಮಾತ್ರ ರಚನಾಕ್ರಮ ಅನಿವಾರ್ಯ. 1564ರ ವಿರಾಟಪರ್ವದ ಪದ್ಯಬಂಧವು ಮುಂದಿನ ಕವಿಗಳಲ್ಲಿ ಹೇಗೆ ಬೆಳೆಯಿತು ಎಂದು ತಿಳಿಯಬೇಕಾದವನು, ಕುಂಬಳೆಯ ಪಾರ್ತಿಸುಬ್ಬನ ಹೆಸರಿನ ರಾಮಾಯಣ ಪ್ರಸಂಗಗಳನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕಾದವನು, ಹಳೆಯದನ್ನು ಮೊದಲು, ಹೊಸದನ್ನು ಆಮೇಲೆ ಓದಲೇಬೇಕು. ಒಮ್ಮೆ ಒಳಹೊಕ್ಕು ಮನೆಯವನಾದವನಿಗೆ ಕಥಾಕ್ರಮವೂ ಬೇಕು; ವಂಶಾವಳಿಯ ರುಚಿ ಹತ್ತುವುದು ಆಗಲೇ. ನನ್ನ ತಪ್ಪು ಆದಿಪರ್ವವನ್ನು ಮೆಚ್ಚಿದ್ದರಲ್ಲಿ ಇರಲಿಲ್ಲ. ಹೊಸ್ತಿಲಲ್ಲಿ ನಿಂತವನನ್ನು ಮನೆಯವನೆಂದು ಭಾವಿಸಿದ್ದರಲ್ಲಿ ಇತ್ತು.

ಈ ವಿಚಾರವನ್ನು ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವಿದೆ. ಹಿಂದಿನ ಪ್ರೇಕ್ಷಕ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿಕೊಂಡೇ ಆಟಕ್ಕೆ ಬರುತ್ತಿದ್ದ. ಅವನಿಗೆ ಯಾವ ಪ್ರಸಂಗವಾದರೂ ನಡೆಯುತ್ತಿತ್ತು. ಇಂದು ಬಿಣಗಾದ ಮನೆಗಳ ಮಕ್ಕಳು ಮನೆಯಲ್ಲಿ ಕೊಂಕಣಿಯನ್ನೋ ಕನ್ನಡವನ್ನೋ ಆಡಿ, ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕಲಿತು, ಈ ಕಥೆಗಳ ಹೊರಗೆ ಬೆಳೆಯುತ್ತಿದ್ದಾರೆ. ಇದು ಅವರ ಅಪರಾಧವಲ್ಲ. ಇತ್ತ ಇರುಳಿಡೀ ನಡೆಯುತ್ತಿದ್ದ ಆಟ ಈಚಿನ ದಶಕಗಳಲ್ಲಿ ಹಲವೆಡೆ ಎರಡು ಮೂರು ಗಂಟೆಗಳ ಕಾಲಮಿತಿಗೆ ಇಳಿದಿದೆ. ಕಾಲವನ್ನು ಕಡಿಮೆ ಮಾಡುವಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ, ಆಮೇಲೆ ಪೀಠಿಕೆಗೆ. ಹೊಸಬನನ್ನು ಕೈಹಿಡಿದು ಒಳಗೆ ಕರೆಯುತ್ತಿದ್ದ ಭಾಗವೇ, ಹೊಸಬರು ಹೆಚ್ಚಿರುವ ಕಾಲದಲ್ಲಿ, ಇಲ್ಲವಾಗುತ್ತಿದೆ. ಬಾಗಿಲು ಕಿರಿದಾದಷ್ಟೂ, ಯಾವ ಬಾಗಿಲನ್ನು ತೆರೆಯುತ್ತೇವೆ ಎಂಬುದು ಮುಖ್ಯವಾಗುತ್ತದೆ. ತಪ್ಪು ಬಾಗಿಲಿನ ಮುಂದೆ ಎರಡು ರಾತ್ರಿ ಕಾದು ಮರಳಿದ ಮಗು ಮತ್ತೆ ಬರುವುದಿಲ್ಲ. ನನ್ನ ಆ ಮೂರನೆಯ ರಾತ್ರಿಯ ಬರಿದಾದ ಚಾಪೆಗಳನ್ನು ನಾನು ಇನ್ನೂ ಮರೆತಿಲ್ಲ.

ಈ ಮಳೆಗಾಲದಲ್ಲಿ ನಾವು ಮತ್ತೆ ಏಳು ಸಂಜೆಗಳ ತಾಳಮದ್ದಲೆಯನ್ನು ಮಾಡಬೇಕೆಂದಿದ್ದೇವೆ. ಮಕ್ಕಳನ್ನು ಎದುರಿಗಿಟ್ಟುಕೊಂಡು ಅದರ ಕ್ರಮವನ್ನು ಹೀಗೆ ಹಾಕಿಕೊಂಡಿದ್ದೇನೆ. ಮೊದಲನೆಯ ಸಂಜೆ ವಿರಾಟಪರ್ವ. ಎರಡನೆಯದು ಕೃಷ್ಣಸಂಧಾನ, ಅಲ್ಲಿ ಸಂಧಾನ ಮುರಿದು ಬಿದ್ದಾಗ, ಇವರಿಗೆ ಇಷ್ಟೊಂದು ಹಗೆ ಏಕೆ ಎಂದು ಮಗು ತಾನಾಗಿಯೇ ಕೇಳಬೇಕು. ಕೇಳಿದ ಮೇಲೆ ಮೂರನೆಯ ಸಂಜೆ ಹಿಂದಕ್ಕೆ ಹೋಗಿ ದ್ಯೂತಪ್ರಸಂಗ. ನಾಲ್ಕನೆಯದು ಅಭಿಮನ್ಯು ಕಾಳಗ. ಮೊದಲ ಸಂಜೆ ಮದುಮಗನಾಗಿ ಕಂಡ ಹುಡುಗನೇ ಚಕ್ರವ್ಯೂಹದಲ್ಲಿ ಬೀಳುವಾಗ ಅವನು ಯಾರೋ ಅಪರಿಚಿತನಾಗಿರುವುದಿಲ್ಲ. ಐದನೆಯದು ಕರ್ಣಪರ್ವ, ಆರನೆಯದು ಗದಾಯುದ್ಧ. ಏಳನೆಯದು ಬಭ್ರುವಾಹನನ ಪ್ರಸಂಗ. ತಂದೆಯನ್ನು ಗುರುತಿಸಿ ಬಂದ ಮಗ, ಮಗನನ್ನು ಗುರುತಿಸಲೊಪ್ಪದ ತಂದೆ, ಸಾವು, ಮತ್ತೆ ಬದುಕು. ವೇಷ ಮರೆಸಿದವರನ್ನು ಗುರುತಿಸುವುದರಿಂದ ತೊಡಗಿದ ಸರಣಿ ಹೀಗೆ ಇನ್ನೊಂದು ಗುರುತಿನಲ್ಲಿ ಮುಗಿಯುತ್ತದೆ. ಶಂತನು, ಭೀಷ್ಮ, ಅಂಬೆಯರ ಕಥೆ ಮುಂದಿನ ವರ್ಷಕ್ಕೆ. ಬೇಕೆಂದು ಕೇಳುವವರು ಆಗ ಇರುತ್ತಾರೆಂಬ ನಂಬಿಕೆ ನನ್ನದು.

ಮೊಮ್ಮಗನಿಗೆ ಏನು ಹೇಳಿದೆ ಎಂದು ತಾವು ಕೇಳಬಹುದು. ಅವನಿಗೆ ಆ ರಾತ್ರಿ ವಿರಾಟನಗರದ ಕಥೆಯನ್ನು ಹೇಳಿದೆ. ಉತ್ತರಕುಮಾರ ರಥದಿಂದ ಹಾರಿ ಓಡುವಲ್ಲಿ ಅವನು ಬಿದ್ದು ಬಿದ್ದು ನಕ್ಕ. ಬನ್ನಿಯ ಮರದ ಬಳಿ ಬೃಹನ್ನಳೆ ತಾನು ಯಾರೆಂದು ಹೇಳಿದಾಗ ಎದ್ದು ಕುಳಿತ. ಆಮೇಲೆ ಹೇಳಿದೆ: “ಗುಟ್ಟು ಯಾವುದರಲ್ಲಿ ಇದೆಯೋ ಅದನ್ನು ಆಮೇಲಕ್ಕೆ ಇಟ್ಟುಕೋ ಮಗಾ. ಮೊದಲನೆಯದರಿಂದಲೇ ಹಿಡಿ. ಬರೆದವನು ಆ ಬೆರಗನ್ನು ನಿನಗಾಗಿ ಮೂರನೆಯದರ ಕೊನೆಯಲ್ಲಿ ಕಾದಿಟ್ಟಿದ್ದಾನೆ. ಎಲ್ಲ ಮುಗಿದ ಮೇಲೆ ಮೂರನೆಯದನ್ನು ಇನ್ನೊಮ್ಮೆ ಆಡು. ಆಗ ಅದೇ ಕಥೆ ಬೇರೆಯಾಗಿ ಕಾಣುತ್ತದೆ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಅಜ್ಜಾ, ಈ ಅರ್ಜುನ ಕಾಡಿಗೆ ಹೋದದ್ದು ಯಾಕೆ? ಅದಕ್ಕಿಂತ ಮೊದಲು ಏನಾಗಿತ್ತು?”

ಮೂವತ್ತು ವರ್ಷಗಳ ಹಿಂದೆ ಮೂರು ರಾತ್ರಿ ಹೇಳಿದರೂ ಯಾರೂ ಕೇಳದ ಪ್ರಶ್ನೆ ಅದು. ಆದಿಪರ್ವಕ್ಕೆ ದಾರಿ ಹೀಗೆ ತೆರೆಯಿತು. ಮರುದಿನ ರಾತ್ರಿ ಶಂತನುವಿನಿಂದ ತೊಡಗಿದೆ. ಅವನು ಎದ್ದು ಹೋಗಲಿಲ್ಲ.